ಮಿರಗದ ಮಳೆಗೆ ನಿಂತ ಒಡ್ಡು

ಒಡ್ಡು ನಿಂತಿದೆ. ನಮ್ಮ ಗುಡ್ಡದ ಹೊಲದ ಒಡ್ಡು, ನನ್ನ ಮೊಮ್ಮಗನ ಹೆಂಡತಿ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಒಡ್ಡು, ಮೊನ್ನೆ ಸುರಿದ ಮಿರಗದ, ಅಂದರೆ ಮೃಗಶಿರಾ ಮಳೆಗೆ ಅಲುಗಾಡದೆ ನಿಂತಿದೆ. ನಿನ್ನೆ ಬೆಳಿಗ್ಗೆ ನಾನೇ ಹೋಗಿ ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ ಬಂದೆ. ಒಡ್ಡಿನ ಹಿಂದೆ ಕೆಂಪು ನೀರು ಚಹಾದ ಹಾಗೆ ನಿಂತಿತ್ತು, ಅದರ ತಳದಲ್ಲಿ ಮಣ್ಣು ಕೂತಿತ್ತು. ನಮ್ಮ ಮಣ್ಣು ನಮ್ಮ ಹೊಲದಲ್ಲೇ ಉಳಿಯಿತು. ಇದನ್ನು ಇಳಿಯುವ ದಾರಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ಹಾಲು ಹಾಕಲು ಹೊರಟವನನ್ನು ತಡೆದು ಹೇಳಿದೆ. ಶಹಾಪುರದ ಬಸ್ಸಿಗೆ ಕಾಯುತ್ತ ನಿಂತ ಹೆಂಗಸರಿಗೆ ಹೇಳಿದೆ. ಬಸ್ಸು ಬಂದರೂ ನನ್ನ ಮಾತು ಮುಗಿದಿರಲಿಲ್ಲ, ಅವರು ಕಿಟಕಿಯೊಳಗಿಂದ ತಲೆ ಆಡಿಸುತ್ತ ಹೋದರು. ನಾಲ್ಕು ಕಲ್ಲು ನಿಂತರೆ ಈ ಮುದುಕಿಗೆ ಇಷ್ಟು ಹಿಗ್ಗು ಯಾಕೆ ಎಂದು ಅವರಿಗೆ ಅನಿಸಿರಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕೈ ಇದು, ಸಾಲು ಓರೆಯಾದರೆ ಸುಧಾರಿಸಿಕೊಳ್ಳಿರಿ.

ಆ ಒಡ್ಡು ಹೋಗಿದ್ದರೆ ಹೊಲವೂ ಹೋಗುತ್ತಿತ್ತು. ರಸ್ತೆಗೆ, ಮನೆಯ ಪಾಯಕ್ಕೆ ತುಂಬುವ ಕೆಂಪು ಗರಸು ಮಣ್ಣಿಗೆ ನಮ್ಮ ಕಡೆ ಮರಂ ಅನ್ನುತ್ತಾರೆ. ಅದನ್ನು ತೋಡಿ ಟಿಪ್ಪರಿನಲ್ಲಿ ಒಯ್ಯುವವರು ನಮ್ಮ ಹೊಲದ ಮೇಲೆ ಕಣ್ಣಿಟ್ಟಿದ್ದರು. ಕೊಟ್ಟುಬಿಡೋಣ ಎಂದು ನನ್ನ ಮಗ ಮನಸ್ಸು ಮಾಡಿದ್ದ. ಮೊದಲ ದೊಡ್ಡ ಮಳೆಗೆ ಒಡ್ಡು ತಡೆದರೆ ಹೊಲ ಮನೆಯದು, ಒಡೆದರೆ ಟಿಪ್ಪರಿನವರದು ಎಂದು ಮನೆಯಲ್ಲಿ ಮಾತಾಗಿತ್ತು. ಒಮ್ಮೆ ತೋಡಿದ ಗುಂಡಿ ಮತ್ತೆ ಹೊಲವಾಗುವುದಿಲ್ಲ. ಈಗ ಹೇಳಿರಿ, ಹಿಗ್ಗಬಾರದೇ?

ಈ ಹೊಲದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ರಂಗಂಪೇಟೆಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಕಾಲುವೆ ಇರಲಿಲ್ಲ. ಊರು ಗುಡ್ಡದ ಬುಡದಲ್ಲಿದೆ. ಶಹಾಪುರದ ಸುತ್ತಲ ಗುಡ್ಡ ನೋಡಿದವರಿಗೆ ಗೊತ್ತು, ಗುಂಡಗಿನ ಬಂಡೆಗಳು ಒಂದರ ಮೇಲೊಂದು ಕೂತಿವೆ, ಯಾರೋ ರಾಶಿ ಹಾಕಿ ಒಯ್ಯಲು ಮರೆತ ಹಾಗೆ. ಭೂಮಿಯ ಮೇಲೆ ಇವು ತುಂಬ ಹಳೆಯ ಗುಡ್ಡಗಳಂತೆ, ಮೊಮ್ಮಗ ಶಾಲೆಯಲ್ಲಿ ಕಲಿತು ಬಂದು ಹೇಳುತ್ತಿದ್ದ. ನನಗೇನೂ ಆಶ್ಚರ್ಯವಾಗಲಿಲ್ಲ. ವಯಸ್ಸಾದವರ ಮೈ ಹಾಗೇ ಇರುತ್ತದೆ, ಮಾಂಸ ಕರಗಿ ಎಲುಬು ಕಾಣುತ್ತದೆ. ಗುಡ್ಡದ ಇಳಿಜಾರಿನಲ್ಲಿ ಉಳಿದಿದ್ದ ಮಣ್ಣು ಮುದುಕರ ಮೇಲೆ ಹೊದಿಸಿದ ತೆಳುವಾದ ಕೌದಿಯಷ್ಟು. ಅದು ಜಾರಿ ಹೋಗದಂತೆ ಹಿಡಿದಿದ್ದು ಕಲ್ಲಿನ ಒಡ್ಡುಗಳು. ನಮ್ಮ ಹೊಲದಲ್ಲಿ ಅವು ಒಂದರ ಕೆಳಗೆ ಒಂದು ಅಡ್ಡಡ್ಡ ಇದ್ದವು, ನಡುವೆ ಪಟ್ಟಿಪಟ್ಟಿಯಾಗಿ ಹೊಲ. ಯಾರು ಕಟ್ಟಿದ್ದೋ ಯಾರಿಗೂ ಗೊತ್ತಿಲ್ಲ. ನಮ್ಮ ಅತ್ತೆ ಬಂದಾಗಲೂ ಇದ್ದವಂತೆ, ಅವರ ಅತ್ತೆ ಬಂದಾಗಲೂ ಇದ್ದವಂತೆ. ದುರಸ್ತಿಗೆಂದು ಒಡ್ಡು ಬಿಚ್ಚಿದಾಗ ಒಮ್ಮೊಮ್ಮೆ ಕರಿ ಮಡಕೆಯ ಚೂರು ಸಿಗುತ್ತಿದ್ದವು. ಒಮ್ಮೆ ಕೊಡಲಿಯ ಬಾಯಿಯಂತೆ ನಯವಾಗಿ ಉಜ್ಜಿದ ಕಲ್ಲೊಂದು ಸಿಕ್ಕಿತ್ತು. ಅತ್ತೆ ಅದನ್ನು ಬೇವಿನ ಮರದ ಬುಡದಲ್ಲಿಟ್ಟು ಕುಂಕುಮ ಹಚ್ಚಿದರು. ಯಾವ ಕಾಲದ ಯಾರ ಕೈಯದೋ, ನಮ್ಮ ಹಾಗೇ ಇಲ್ಲಿ ದುಡಿದವರದು ಎಂದಷ್ಟೇ ಅಂದರು.

ಈ ಊರಲ್ಲಿ ಒಂದು ಪದ್ಧತಿ ಇತ್ತು. ಗುಡ್ಡದ ಹೊಲಕ್ಕೆ ಯಾರೂ ಬರಿಗೈಯಲ್ಲಿ ಹತ್ತುತ್ತಿರಲಿಲ್ಲ. ಹಳ್ಳ ದಾಟುವಾಗ ಒಂದು ಕಲ್ಲು ಎತ್ತಿಕೊಂಡು ಹೋಗಿ ಒಡ್ಡಿನ ಮೇಲೆ ಇಡಬೇಕು. ಬುತ್ತಿ ಒಯ್ಯುವವರೂ ಅಷ್ಟೇ, ಕುರಿ ಹೊಡೆದುಕೊಂಡು ಹೋಗುವವರೂ ಅಷ್ಟೇ. ಹೊಸ ಸೊಸೆಯಾದರೆ ಮೊದಲ ಸಲ ಹೊಲಕ್ಕೆ ಹೋದಾಗ ಕಲ್ಲಿಟ್ಟು, ಅದಕ್ಕೆ ನೀರು ಹಾಕಿ ಕೈ ಮುಗಿಯಬೇಕು. ನಾನು ಕೈತುಂಬ ಹಸಿರು ಬಳೆ ತೊಟ್ಟವಳು, ಬಳೆ ಒಡೆದಾವೆಂದು ಹಳ್ಳದಲ್ಲಿ ಹುಡುಕಿ ಹುಡುಕಿ ಒಂದು ಸಣ್ಣ ಕಲ್ಲು ಆರಿಸಿಕೊಂಡೆ. ಅತ್ತೆ ತಿರುಗಿ ನೋಡಿದರು.

"ಅದೇನು ಚಟ್ನಿ ಅರಿಯಾಕ ತಂದಿಯೇನವ್ವ? ದೊಡ್ಡದು ತಗೊಂಡು ಬಾ. ನೀ ಹೋದ ಮ್ಯಾಲೂ ಅದು ಇಲ್ಲೇ ಇರಬೇಕು."

ದೊಡ್ಡದನ್ನೇ ಹೊತ್ತೆ. ಬಳೆಯೂ ಒಡೆದವು. ಆ ಹೊಲ ನಮಗೆ ಸಜ್ಜೆ ಕೊಟ್ಟಿತು, ನವಣೆ ಕೊಟ್ಟಿತು, ಹೆಸರು, ತೊಗರಿ ಕೊಟ್ಟಿತು. ತೊಗರಿ ಒಕ್ಕಿದ ಮೇಲೆ ಉಳಿಯುವ ಕಟ್ಟಿಗೆ ವರ್ಷದ ಒಲೆಗೆ ಸಾಕಾಗುತ್ತಿತ್ತು. ಶ್ರೀಮಂತಿಕೆ ಅಲ್ಲ, ಆದರೆ ಮಳೆ ಎಷ್ಟು ಕಡಿಮೆ ಬಿದ್ದರೂ ಏನಾದರೊಂದು ಕೈಗೆ ಬರುತ್ತಿತ್ತು.

ಆಮೇಲೆ ಕಾಲುವೆಯ ಸುದ್ದಿ ಬಂತು. ಕೃಷ್ಣೆಯ ನೀರು ನಮ್ಮ ಊರಿಗೆ ಬರುತ್ತದೆ ಎಂದರು. ಮೊದಲು ಯಾರೂ ನಂಬಲಿಲ್ಲ. ನಂತರ ಜೀಪುಗಳು ಬಂದವು, ಮೂರು ಕಾಲಿನ ದುರ್ಬೀನು ಹಿಡಿದವರು ಹೊಲಹೊಲ ತಿರುಗಿದರು, ಆಗ ನಂಬಿದೆವು. ಹೀಗಿರುವಾಗ ಒಂದು ಬೆಳಿಗ್ಗೆ ನೋಡುತ್ತೇವೆ, ಗುಡ್ಡದ ಮೇಲೆ, ನಮ್ಮ ಹೊಲಕ್ಕಿಂತ ಎತ್ತರದಲ್ಲಿ, ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿವೆ. ಊರಿಗೆ ಊರೇ ಹೊರಗೆ ಬಂದು ನಿಂತು ನೋಡಿತು. ಕಾಲುವೆ ಬರುವುದು ಆ ಸಾಲಿನಲ್ಲೇ ಎಂದು ಎಲ್ಲರೂ ತೀರ್ಮಾನ ಮಾಡಿದರು. ಸಾಲಿನ ಕೆಳಗಿದ್ದ ಜಮೀನೆಲ್ಲ ನೀರಾವರಿ ಎಂದಾಯಿತು. ನಮ್ಮ ಹೊಲ ಸಾಲಿನ ಕೆಳಗೇ ಇತ್ತು. ಅವತ್ತು ನಮ್ಮ ಮನೆಯಲ್ಲಿ ಸಂಭ್ರಮವೇ ಸಂಭ್ರಮ.

ಭತ್ತದ ಗದ್ದೆ ಅಂದರೆ ಅಗಲವಾಗಿ ಸಮ ಇರಬೇಕು. ಪಟ್ಟಿಪಟ್ಟಿ ಹೊಲದಲ್ಲಿ ಗದ್ದೆ ಆಗುವುದಿಲ್ಲ. ಹಾಗೆಂದು ಎಲ್ಲರೂ ಒಡ್ಡು ಕೀಳತೊಡಗಿದರು. ನಮ್ಮ ಯಜಮಾನರಿಗೆ ಆಗ ಒಳ್ಳೇ ಪ್ರಾಯ, ಎಲ್ಲರಿಗಿಂತ ಮೊದಲು ಹಾರೆ ಹಿಡಿದವರು ಅವರೇ. ಅತ್ತೆ ಹೋಗಿ ಒಡ್ಡಿನ ಮೇಲೆ ಕೂತುಬಿಟ್ಟರು. ಮೊದಲು ನೀರು ಬರಲಿ, ಆಮೇಲೆ ಕೆಡವು ಎಂದರು.

"ನೀರು ಬಂದ ಮ್ಯಾಲೆ ಕೆಸರಾಗ ಕಲ್ಲು ಹೊರಾಕ ನೀ ಬರ್ತಿಯೇನ್ ಯವ್ವ?" ಎಂದು ಇವರು ಕೇಳಿದರು.

ಅತ್ತೆ ಎದ್ದರು. ಮಗನ ಖುಷಿಗೆ ಅಡ್ಡ ಬರಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಒಡ್ಡಿನ ಕಲ್ಲೆಲ್ಲ ಬಂಡಿಯಲ್ಲಿ ಕೆಳಗೆ ಬಂದವು. ಒಂದಿಷ್ಟು ದನದ ಕೊಟ್ಟಿಗೆಯ ಗೋಡೆಗೆ ಹೋದವು. ಚಪ್ಪಟೆಯಾಗಿ ಚೆನ್ನಾಗಿದ್ದವನ್ನು ಎಮ್ಮೆ ನಿಲ್ಲುವ ಕಡೆ ಹಾಸಿದರು. ಹೊಲ ಮೇಲಿಂದ ಕೆಳತನಕ ಒಂದೇ ಜಾರು ಆಯಿತು. ನೋಡಲು ಭಾರಿ ವಿಸ್ತಾರ ಕಾಣುತ್ತಿತ್ತು ಅನ್ನಿ.

ಕಾಲುವೆ ಬಂತು. ಬಂದದ್ದು ಎಲ್ಲಿ ಅಂದರೆ ಊರಿಂದಾಚೆ, ಡಾಂಬರು ರಸ್ತೆಯ ಪಕ್ಕ, ನಮ್ಮ ಗುಡ್ಡದ ಹೊಲಕ್ಕಿಂತ ಎಷ್ಟೋ ತಗ್ಗಿನಲ್ಲಿ. ಸುಣ್ಣದ ಕಲ್ಲು ಏನು ಹಾಗಾದರೆ? ಒಂದು ದಿನ ಜಂಗಲಿನ ಗಾರ್ಡ್ ಒಬ್ಬ ಮೇಕೆ ಅಟ್ಟಲು ಬಂದಿದ್ದ. ಈ ಸಾಲಿಗೆ ನೀರು ಯಾವಾಗ ಬಿಡ್ತೀರಿ ಎಂದು ನಮ್ಮ ಯಜಮಾನರು ಅವನನ್ನೇ ಕೇಳಿದರು. ಅವನು ಮೊದಲು ಬಾಯಿ ಬಿಟ್ಟ, ಆಮೇಲೆ ನಗುತ್ತ ನಗುತ್ತ ನೆಲಕ್ಕೇ ಕೂತ. ಅದು ಜಂಗಲಿನ ಹದ್ದಿನ ಕಲ್ಲು, ಅಲ್ಲಿಂದ ಮೇಲೆ ಸರ್ಕಾರದ ಅರಣ್ಯ ಎಂದು ತೋರಿಸಲು ನೆಟ್ಟದ್ದು. ಕಾಲುವೆಗೂ ಅದಕ್ಕೂ ಸಂಬಂಧವೇ ಇಲ್ಲ. ನೀರು ಗುಡ್ಡ ಹತ್ತುತ್ತದೆಂದು ನಂಬಿ ಒಡ್ಡು ಕಿತ್ತವರು ನಾವೊಬ್ಬರೇ ಅಲ್ಲ, ಗುಡ್ಡದ ಬುಡದವರೆಲ್ಲ ಕಿತ್ತಿದ್ದೆವು. ಅವತ್ತು ಊರಲ್ಲಿ ಯಾರೂ ಯಾರನ್ನೂ ಹಾಸ್ಯ ಮಾಡಲಿಲ್ಲ.

ಕಾಲುವೆಯನ್ನು ಬೈಯಬೇಡಿರಿ. ನಮಗೆ ಅದರ ಕೆಳಗೂ ಒಂದು ತುಂಡು ಜಮೀನಿತ್ತು. ಮೊದಲ ಸಲ ನೀರು ಹರಿದು ಬಂದಾಗ ನಾವು ಹೆಂಗಸರು ಅರಿಷಿಣ ಕುಂಕುಮ ಹಾಕಿ, ಸೀರೆ ನೆನೆಯುವತನಕ ಅದರಲ್ಲಿ ನಿಂತಿದ್ದೆವು. ಹಬ್ಬಕ್ಕೆ ಮಾತ್ರ ಅನ್ನ ಕಂಡ ಮಕ್ಕಳು ದಿನಾ ಅನ್ನ ಉಂಡರು. ಕೂಲಿಗೆ ದೂರ ಹೋಗುತ್ತಿದ್ದವರು ಊರಲ್ಲೇ ಉಳಿದರು. ಆ ಋಣ ನಾನು ಮರೆಯುವವಳಲ್ಲ.

ಆದರೆ ಕೆಳಗೆ ನೀರು ಬಂದದ್ದಕ್ಕೆ ಮೇಲೆ ಏನಾಯಿತು ನೋಡಿರಿ. ಕೆಳಗೆಲ್ಲ ಭತ್ತ, ಹತ್ತಿ. ತೊಗರಿ ಬಿತ್ತುವುದು ನಿಂತಿತು. ಭತ್ತದ ಹುಲ್ಲು ಒಲೆಗೆ ಇಟ್ಟರೆ ಭುಗ್ ಎಂದು ಹೊತ್ತಿ ಬೂದಿಯಾಗುತ್ತದೆ, ಒಂದು ರೊಟ್ಟಿಯೂ ಬೇಯುವುದಿಲ್ಲ. ಅಡಿಗೆಗೆ ಅಕ್ಕಿ ಇತ್ತು, ಬೇಯಿಸಲು ಕಟ್ಟಿಗೆ ಇರಲಿಲ್ಲ. ಅದಕ್ಕೆ ನಾವು ಹೆಂಗಸರು ಕುಡುಗೋಲು ಹಿಡಿದು ಗುಡ್ಡ ಹತ್ತಿದೆವು. ಬಾರಿ ಕಂಟಿ, ಕಾರಿ ಕಂಟಿ, ತಂಗಡಿ ಗಿಡ, ಸಿಕ್ಕ ಪೊದೆಯನ್ನೆಲ್ಲ ಕಡಿದು ಹೊರೆ ಕಟ್ಟಿ ತಂದೆವು. ಕುರಿ ಮೇಯಿಸುವವರಿಗೂ ಅದೇ ಗತಿ. ಮೊದಲು ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು, ಗೊಬ್ಬರವಾಗುತ್ತದೆಂದು ನಾವೇ ಕರೆದು ಜೋಳ ಕೊಡುತ್ತಿದ್ದೆವು. ಎರಡು ಬೆಳೆ ಬಂದ ಮೇಲೆ ಹೊಲ ಬಿಡುವು ಪಡೆಯುವುದೇ ನಿಂತಿತು, ಕುರಿಗಳಿಗೆ ಉಳಿದದ್ದು ಗುಡ್ಡವೊಂದೇ. ಎಲ್ಲ ಹಿಂಡೂ ಅಲ್ಲಿಗೇ. ಹೆಂಗಸರು ಬಿಟ್ಟದ್ದನ್ನು ಕುರಿ ತಿಂದವು. ಯಾರನ್ನು ಅನ್ನಲಿ? ಎಲ್ಲರಿಗೂ ಹೊಟ್ಟೆ ಇತ್ತು.

ಹೀಗೆ ಗುಡ್ಡದ ಮೈ ಬತ್ತಲೆಯಾಯಿತು. ಮೇಲೆ ಕಂಟಿ ಇಲ್ಲ, ಕೆಳಗೆ ಒಡ್ಡಿಲ್ಲ. ಮಳೆ ಬಂದರೆ ನೀರು ಬಂಡೆಯಿಂದ ನೇರ ನಮ್ಮ ಹೊಲಕ್ಕೆ ಜಿಗಿಯುತ್ತಿತ್ತು, ಹೊಲದಿಂದ ಹಳ್ಳಕ್ಕೆ. ಹಳ್ಳ ಕೆಂಪಗೆ ಹರಿದು ಕಾಲುವೆ ಸೇರುತ್ತಿತ್ತು. ಕಾಲುವೆಯಲ್ಲಿ ಹೂಳು ತುಂಬಿ ಕೊನೆಯ ಗದ್ದೆಗಳಿಗೆ ನೀರು ಹೋಗದಾಯಿತು. ಕೊನೆಯ ಗದ್ದೆಗಳಲ್ಲಿ ನಮ್ಮದೂ ಒಂದು. ನಮ್ಮ ಗುಡ್ಡದ ಮಣ್ಣೇ ಹೋಗಿ ನಮ್ಮ ಗದ್ದೆಯ ನೀರು ತಡೆಯಿತು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾದವು. ಹೊಲದಲ್ಲಿ ಗರಸು ಎದ್ದಿತು, ನೇಗಿಲು ಇಟ್ಟರೆ ಕಿರ್ ಅನ್ನುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ನಮ್ಮ ಯಜಮಾನರು ಆ ಕಡೆ ಹೋಗುವುದನ್ನೇ ಬಿಟ್ಟರು. ಯಾರಾದರೂ ಗುಡ್ಡದ ಹೊಲದ ಮಾತು ತೆಗೆದರೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದರು. ಆ ಎಮ್ಮೆ ಎಷ್ಟು ನೀರು ಕುಡಿಯಿತೋ ದೇವರೇ ಬಲ್ಲ.

ಇನ್ನು ನಮ್ಮ ಹುಡುಗಿಯ ಮಾತಿಗೆ ಬರುತ್ತೇನೆ. ಹುಡುಗಿ ಅಂದರೆ ನನ್ನ ಮೊಮ್ಮಗನ ಹೆಂಡತಿ. ತವರು ಗುರುಮಠಕಲ್ಲಿನ ಆಚೆ, ತೆಲುಗು ಕನ್ನಡ ಎರಡೂ ಒಂದೇ ಬಾಯಲ್ಲಿ ಆಡುವ ಊರು. ಅಲ್ಲಿ ಕಾಲುವೆ ಇಲ್ಲ, ಎಲ್ಲ ಮಳೆಯ ಬೇಸಾಯ. ಮಗಳು ಕಾಲುವೆಯ ಊರು ಸೇರಿದಳೆಂದು ಅವಳ ತಂದೆ ತಾಯಿಗೆ ತುಂಬ ಸಂತೋಷವಾಗಿತ್ತು. ನಮ್ಮ ಓಣಿಯ ಹೆಂಗಸರು ಮಾತ್ರ ಅವಳನ್ನು ಕಾಡಿಸಿದ್ದೇ ಕಾಡಿಸಿದ್ದು. ಬಟ್ಟೆ ಒಗೆಯಲು ಹೋದರೆ, ಇಷ್ಟು ನೀರು ಎಂದಾದರೂ ಕಂಡಿದ್ದೆಯಾ ಎಂದು ಕೇಳುವರು. ಅವಳು ಬಟ್ಟೆಯನ್ನು ಇನ್ನೂ ಜೋರಾಗಿ ಒಗೆಯುತ್ತಿದ್ದಳು. ಸಿಟ್ಟು ಹೆಚ್ಚಾದರೆ ಕೈಯಲ್ಲಿದ್ದ ಬಟ್ಟೆಗೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದಳು.

ಒಂದು ದಿನ, ಉಳಿದಿದ್ದ ಒಂದೆರಡು ಕಂಟಿಯ ಬಾರಿಹಣ್ಣು, ಅಂದರೆ ಬೋರೆ ಹಣ್ಣು, ಆರಿಸಲು ಅವಳನ್ನು ಕರೆದುಕೊಂಡು ಗುಡ್ಡದ ಕಡೆ ಹೋದೆ. ನಮ್ಮ ಹೊಲ ಬಂತು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ನೆಲ ಕೆದರಿದಳು. ಗರಸಿನ ಕೆಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದಳು. ಯಾರ ಹೊಲ ಎಂದು ಕೇಳಿದಳು, ನಮ್ಮದೇ ಅಂದೆ. ಇಷ್ಟು ಜಮೀನು ಖಾಲಿ ಬಿಟ್ಟಿದ್ದೀರಾ ಎಂದಳು. ಇದೇನು ಹೊಲವೇನವ್ವ, ಬರೀ ಕಲ್ಲು ಅಂದೆ.

"ಆಯಿ, ನಮ್ಮ ಊರಾಗ ಇದಕ್ಕ ಹೊಲ ಅಂತಾರ್ರಿ. ಇದರ ಮ್ಯಾಲೇ ನಾವು ಏಳು ಮಂದಿ ಉಂಡು ಬೆಳೆದೇವಿ."

ಆ ಮಾತು ನನಗೆ ಎಲ್ಲೋ ನಾಟಿತು. ನೀರು ಕಂಡ ಮೇಲೆ ನಾವು ಹೊಲ ಅಂದರೆ ಗದ್ದೆ ಅಷ್ಟೇ ಅಂದುಕೊಂಡಿದ್ದೆವು. ಮಳೆಯಲ್ಲಿ ಬೇಸಾಯ ಮಾಡುವ ಬುದ್ಧಿ ನಮ್ಮ ಕೈಯಿಂದ ಹೋಗಿತ್ತು. ಅವಳ ಊರಿಗೆ ಕಾಲುವೆ ಬಾರದ್ದರಿಂದ ಅವರ ಕೈಯಲ್ಲಿ ಅದು ಉಳಿದಿತ್ತು.

ಮರಂ ತೆಗೆಯುವವರು ಬಂದದ್ದು ಅದರ ಬೆನ್ನಿಗೆ ಬಂದ ಬೇಸಿಗೆಯಲ್ಲಿ. ನನ್ನ ಮಗ ಕೆಟ್ಟವನಲ್ಲ. ಮನೆಯ ಮಾಳಿಗೆ ಸೋರುತ್ತಿತ್ತು, ಗದ್ದೆಗೆ ನೀರು ಸರಿಯಾಗಿ ಬರುತ್ತಿರಲಿಲ್ಲ, ಗುಡ್ಡದ ಹೊಲದಿಂದ ಒಂದು ಕಾಳು ಬಂದದ್ದನ್ನು ಅವನು ದೊಡ್ಡವನಾದ ಮೇಲೆ ಕಂಡಿರಲಿಲ್ಲ. ಕೊಡೋಣ ಎಂದ. ನಾವೆಲ್ಲ ಅಂಗಳದಲ್ಲಿ ಕೂತಿದ್ದೆವು. ಹುಡುಗಿ ಅಕ್ಕಿ ಆರಿಸುತ್ತಿದ್ದಳು. ಸೊಸೆಯಾದವಳು ಮಾವನಿಗೆ ಎದುರೆದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ನನ್ನ ಕಡೆ ತಿರುಗಿ ಅವನಿಗೆ ಕೇಳುವಂತೆ ಹೇಳಿದಳು.

"ಆಯಿ, ಒಂದು ಮಳಿಗಾಲ ಬಿಡ್ರಿ ಅಂತ ಮಾವಗ ಹೇಳ್ರಿ."

ಮಗನೂ ನನಗೇ ಹೇಳಿದ. "ಒಂದು ಮಳಿಗಾಲದಾಗ ಕಲ್ಲು ಮಣ್ಣಾಗ್ತಾವೇನು ಕೇಳವ್ವ."

"ಕಲ್ಲು ಮಣ್ಣಾಗೂದಿಲ್ಲರಿ. ಇರೋ ಮಣ್ಣು ಹೋಗೂದು ನಿಲ್ತದ."

"ಒಡ್ಡು ಯಾರು ಕಟ್ಟೋರು ಅಂತ ಕೇಳು."

"ನಾ ಕಟ್ತೀನಿ ಅಂತ ಹೇಳ್ರಿ."

ಗೋಡೆಗೆ ಒರಗಿದ್ದ ನಮ್ಮ ಯಜಮಾನರು ಕಣ್ಣು ತೆರೆದರು. "ಇಬ್ಬರೂ ಆಕಿಗೇ ಯಾಕ ಹೇಳಾಕತ್ತೀರಿ? ಮೊದಲೇ ಆಕಿಗಿ ಕಿವಿ ಮಂದ" ಎಂದರು.

ನಗು ಬಂತು ಎಲ್ಲರಿಗೂ, ಮಗನಿಗೂ. ನಕ್ಕ ಮೇಲೆ ಅವನ ಪಟ್ಟು ಸ್ವಲ್ಪ ಸಡಿಲಾಯಿತು. ಆಗಲೇ ಅವನು ಆ ಮಾತು ಹೇಳಿದ್ದು. "ಮೊದಲ ದೊಡ್ಡ ಮಳಿ. ಅದಕ್ಕ ನಿಂತ್ರ ಹೊಲ ಇರಲಿ. ಕೊಚ್ಚಿ ಹೋತಂದ್ರ ನಾ ಅವರಿಗಿ ಫೋನ್ ಹಚ್ಚೂದೇ. ಆಮ್ಯಾಲೆ ತಕರಾರು ಬ್ಯಾಡ."

ಮರುದಿನದಿಂದ ನಮ್ಮ ಮನೆಯಲ್ಲಿ ಪರಾತ ಸಿಗದಾಯಿತು. ಪರಾತ ಅಂದರೆ ರೊಟ್ಟಿಯ ಹಿಟ್ಟು ನಾದುವ ಅಗಲವಾದ ತಟ್ಟೆ. ಒಡ್ಡು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗಬೇಕು. ಒಂದು ತುದಿ ತಗ್ಗಾದರೆ ನೀರೆಲ್ಲ ಆ ತುದಿಗೇ ನುಗ್ಗುತ್ತದೆ. ಮಟ್ಟ ನೋಡಲು ಅವಳ ತವರಿನ ಉಪಾಯ ಅದು. ಪರಾತವನ್ನು ನೆಲಕ್ಕಿಟ್ಟು ಅಂಚಿನತನಕ ನೀರು ತುಂಬುವುದು, ಯಾವ ಕಡೆ ಚೆಲ್ಲುತ್ತದೋ ಆ ಕಡೆ ತಗ್ಗು. ಒಂದು ಕಡೆ ನೋಡಿ ಗುರುತಿನ ಕಡ್ಡಿ ಊರಿ, ಮತ್ತೆ ಮುಂದಕ್ಕೆ ಇಡುವುದು. ನನ್ನ ಸೊಸೆ, ಅಂದರೆ ಅವಳ ಅತ್ತೆ, ಹಿಟ್ಟು ಯಾವುದರಲ್ಲಿ ನಾದಲಿ ಎಂದು ದಿನಾ ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಿದ್ದಳು. ರೊಟ್ಟಿ ತಡವಾಗುತ್ತಿತ್ತು. ಹೊಲ ಕೊಟ್ಟರೂ ಉಪವಾಸ, ಇಟ್ಟುಕೊಂಡರೂ ಉಪವಾಸ ಎಂದು ಯಜಮಾನರು ಗೊಣಗುತ್ತಿದ್ದರು.

ಮೊಮ್ಮಗ ಬೇರೆಯವರ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಟ್ರ್ಯಾಕ್ಟರಿನಿಂದ ಒಂದೇ ದಿನದಲ್ಲಿ ಮಣ್ಣು ತಳ್ಳಿ ಒಡ್ಡು ಮಾಡಿಕೊಡುತ್ತೇನೆ ಎಂದು ಹೆಂಡತಿಯ ಮುಂದೆ ಮೆರೆಯಲು ಹೋದ. ಸಡಿಲ ಮಣ್ಣು ಮೊದಲ ಹನಿಗೇ ಹೋಗುತ್ತದೆ, ನಿನಗೆ ಅಷ್ಟು ಹುರುಪಿದ್ದರೆ ಕಲ್ಲು ತಂದು ಹಾಕು ಎಂದಳಂತೆ. ಪಾಪ, ದಿನಾ ಕೆಲಸ ಮುಗಿಸಿ ಬಂದು ಹಳ್ಳದಿಂದ ಕಲ್ಲು ಹೇರಿ ತಂದ. ದೊಡ್ಡ ಕಲ್ಲು ಕೆಳಗೆ, ಸಣ್ಣವು ಸಂದಿಗೆ, ಹಿಂದೆ ಗರಸು. ನಾನೂ ಹೋಗುತ್ತಿದ್ದೆ. ಮಂಡಿ ನೋವಿನವಳು, ಸಂದಿಗೆ ತುಂಬುವ ಕಲ್ಲು ಕೂತಲ್ಲೇ ಆರಿಸಿ ಕೊಡುತ್ತಿದ್ದೆ. ತೀರಿಹೋದ ನನ್ನ ಅತ್ತೆಯ ಜೊತೆ ನನ್ನಷ್ಟಕ್ಕೆ ಮಾತಾಡುತ್ತಿದ್ದೆ.

ಮಿರಗಕ್ಕಿಂತ ಮೊದಲು ಬರುವ ರೋಣಿ, ಅಂದರೆ ರೋಹಿಣಿ ಮಳೆ ಒಂದು ಸಂಜೆ ಸ್ವಲ್ಪವೇ ಬಂತು. ಅಷ್ಟಕ್ಕೇ ಒಡ್ಡಿನ ಒಂದು ಕಡೆ ಕುಸಿಯಿತು. ಇದು ದೊಡ್ಡ ಮಳೆಯಲ್ಲ ಎಂದು ಮಗನೇ ಹೇಳಿದ, ಅಷ್ಟರಮಟ್ಟಿಗೆ ನ್ಯಾಯವಂತ. ಆದರೆ ಅವನ ದನಿಯಲ್ಲಿ ಇನ್ನೇನು ಮುಗಿಯಿತು ಎಂಬುದಿತ್ತು. ನಾನು ಹೋದಾಗ ಹುಡುಗಿ ಕುಸಿದ ಕಲ್ಲಿನ ಪಕ್ಕ ಕೂತು ಸೆರಗು ಬಾಯಿಗಿಟ್ಟುಕೊಂಡಿದ್ದಳು. ಮಟ್ಟ ಸರಿ ಇತ್ತಲ್ಲ, ಎಲ್ಲಿ ತಪ್ಪಿತು ಎಂದು ಕೇಳಿದಳು. ಮೇಲಕ್ಕೆ ನೋಡಿದೆ. ಎರಡು ಬಂಡೆಗಳ ನಡುವಿನ ಸಂದಿಯಿಂದ ನೀರು ಬಂದ ಗುರುತು ಹಸಿಯಾಗಿತ್ತು. ಅದನ್ನು ಕಂಡೊಡನೆ ನನಗೆ ನೆನಪಾಯಿತು. ಅತ್ತೆಯ ಕಾಲದಲ್ಲಿ ಆ ಸಂದಿಯ ನೇರಕ್ಕೆ ಒಡ್ಡಿನಲ್ಲಿ ಒಂದು ಬಾಯಿ ಇತ್ತು, ಚಪ್ಪಟೆ ಕಲ್ಲುಗಳನ್ನು ಮೆಟ್ಟಿಲಿನ ಹಾಗೆ ಹಾಸಿದ್ದರು. ಹೆಚ್ಚಾದ ನೀರು ಅದರ ಮೇಲಿಂದ ಮೆಲ್ಲಗೆ ಇಳಿದು ಹೋಗುತ್ತಿತ್ತು.

"ನಿಮ್ಮ ಊರಾಗ ನೀರು ನಡಕೊಂತ ಬರ್ತದವ್ವ. ಇಲ್ಲಿ ಬಂಡೆಗಲ್ಲಿನ ಮ್ಯಾಲಿಂದ ಓಡಿ ಬರ್ತದ. ಓಡಿ ಬಂದದ್ದಕ್ಕ ಬಾಗಲಾ ಹಾಕಿದ್ರ ಒದ್ದು ಬರ್ತದ. ತೆರೀಬೇಕು" ಎಂದೆ.

ಅವಳು ಕಣ್ಣೊರೆಸಿಕೊಂಡಳು. ಬಾಯಿ ಬಿಡೋಣ, ಆದರೆ ಹಾಸಲು ಚಪ್ಪಟೆ ಕಲ್ಲು ಎಲ್ಲಿಂದ ತರುವುದು? ಹಳ್ಳದಲ್ಲಿ ಎಲ್ಲ ಗುಂಡು ಕಲ್ಲು. ರಾತ್ರಿ ಊಟಕ್ಕೆ ಕೂತಾಗ ಈ ಮಾತು ಬಂತು. ಯಜಮಾನರು ಎಂದಿನಂತೆ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು. ಬೆಳಿಗ್ಗೆ ಕೊಟ್ಟಿಗೆಯಿಂದ ಖಣ್ ಖಣ್ ಸದ್ದು. ಹೋಗಿ ನೋಡಿದರೆ ಇವರು ಎಮ್ಮೆಯನ್ನು ಹೊರಗೆ ಕಟ್ಟಿ, ನೆಲಕ್ಕೆ ಹಾಸಿದ್ದ ಕಲ್ಲನ್ನು ಹಾರೆಯಿಂದ ಎಬ್ಬಿಸುತ್ತಿದ್ದಾರೆ. ಈ ವಯಸ್ಸಿನಲ್ಲಿ, ಬೆವರಿನಲ್ಲಿ ನೆನೆದು. ಎಮ್ಮೆ ಎಲ್ಲಿ ನಿಲ್ಲಬೇಕು ಎಂದು ಸೊಸೆ ಕೇಳಿದಳು.

"ಎಮ್ಮಿ ಕೆಸರಾಗ ನಿಂದ್ರಾಕ ಬೇಸರ ಮಾಡ್ಕೊಳ್ಳೂದಿಲ್ಲ" ಎಂದರು, ಮುಖ ಎತ್ತದೆ.

ಹುಡುಗಿ ಓಡಿಹೋಗಿ ಹಾರೆಯ ಇನ್ನೊಂದು ಕಡೆ ಹಿಡಿದಳು. ಮುತ್ಯಾ ಬಿಡ್ರಿ, ನಾ ಎಬ್ಬಿಸ್ತೀನಿ ಎಂದಳು. ಅವರು ಬಿಡಲಿಲ್ಲ. ಇಬ್ಬರೂ ಸೇರಿ ಎಲ್ಲ ಕಲ್ಲೂ ಎಬ್ಬಿಸಿದರು. ಮೊಮ್ಮಗ ಟ್ರ್ಯಾಕ್ಟರಿನಲ್ಲಿ ಮೇಲೆ ಒಯ್ದ. ಒಡ್ಡಿಗೆ ಬಾಯಿ ಬಂತು, ಬಾಯಿಗೆ ಮೆಟ್ಟಿಲು ಬಂತು.

ಮೊನ್ನೆ ಮಧ್ಯಾಹ್ನ 'ಉಸ್' ಎನ್ನುವಂಥ ಸೆಕೆ. ಸುರಪುರದ ಕಡೆಯಿಂದ ಮೋಡ ಎದ್ದು ಕತ್ತಲೆಯಾಯಿತು. ಮಿರಗ ಹೊಕ್ಕಿತು. ಅಂಥ ಮಳೆ ಈಚೆಗೆ ನಾನು ಕಂಡಿರಲಿಲ್ಲ. ಅಂಗಳದಲ್ಲಿ ನೀರು, ಮಾಳಿಗೆ ಸೋರಿ ಪಾತ್ರೆಗಳೆಲ್ಲ ತುಂಬಿದವು. ಹಳ್ಳದ ಸದ್ದು ಮನೆಯೊಳಗೆ ಕೇಳುತ್ತಿತ್ತು. ಮಗ ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಿದ್ದ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಎರಚಲಿಗೆ ಸೀರೆ ನೆನೆದರೂ ಒಳಗೆ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಳೆ ನಿಂತಿತು. ಹಳ್ಳ ತುಂಬಿದ್ದರಿಂದ ಆಗಲೇ ದಾಟಿ ಹೋಗುವ ಹಾಗಿರಲಿಲ್ಲ.

ನಿನ್ನೆ ಬೆಳಿಗ್ಗೆ ಎಲ್ಲರೂ ಹೊರಟೆವು. ಯಜಮಾನರು ಬರುವುದಿಲ್ಲ ಎಂದುಕೊಂಡಿದ್ದೆ. ಹಿಂದೆ ಕೋಲು ಊರುವ ಸದ್ದು ಕೇಳಿ ತಿರುಗಿ ನೋಡಿದರೆ ಬರುತ್ತಿದ್ದಾರೆ. ಅಕ್ಕಪಕ್ಕದ ಹೊಲಗಳಲ್ಲಿ ನೀರು ಹೊಸ ಕೊರಕಲು ಕೊರೆದಿತ್ತು. ಕೆಳಗೆ ಕಾಲುವೆ ಕೆಂಪಗೆ ಕಾಣುತ್ತಿತ್ತು. ಹುಡುಗಿ ಎಲ್ಲರಿಗಿಂತ ಮುಂದೆ ಓಡಿದಳು, ಬಂಡೆಯ ಮರೆಗೆ ಹೋದಳು.

ನಾವು ಮುಟ್ಟಿದಾಗ ಅವಳು ಒಡ್ಡಿನ ಉದ್ದಕ್ಕೂ ನಡೆಯುತ್ತಿದ್ದಳು, ಒಂದೊಂದೇ ಕಲ್ಲನ್ನು ಅಂಗೈಯಿಂದ ತಟ್ಟುತ್ತ. ಎಲ್ಲ ಇದ್ದವು. ಹಿಂದೆ ಕೆರೆಯ ಹಾಗೆ ನೀರು. ಹೆಚ್ಚಾದದ್ದು ಕಲ್ಲಿನ ಬಾಯಿಯಿಂದ ಮೆಟ್ಟಿಲು ಮೆಟ್ಟಿಲು ಇಳಿದು ತಿಳಿಯಾಗಿ ಹೋಗುತ್ತಿತ್ತು. ಯಜಮಾನರು ದಂಡೆಯಲ್ಲಿ ನಿಂತು ಕೋಲನ್ನು ನೀರಿಗೆ ಇಳಿಸಿದರು. ತುದಿ ಮೆತ್ತನೆಯ ಮಣ್ಣಿಗೆ ಇಳಿಯಿತು. ಎಷ್ಟು ಇಳಿಯುತ್ತದೆಂದು ಮತ್ತೊಮ್ಮೆ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಯವ್ವ ಇದ್ದಿದ್ರ ಬೈತಿದ್ಲು. ಇಷ್ಟು ವರ್ಷ ಬೇಕಾತೇನೋ ಮಗನ ಅಂತ."

ನಾನು ಅವರ ತೋಳು ಹಿಡಿದುಕೊಂಡೆ. ಅತ್ತೆ ಬೈಯುತ್ತಿದ್ದರು ಖರೆ, ಬೈದು ಇವರ ಬೆನ್ನೂ ಸವರುತ್ತಿದ್ದರು.

ಮಗ ಕೂತು ಒಂದು ಹಿಡಿ ಹೊಸ ಮಣ್ಣು ತೆಗೆದು ಬೆರಳ ನಡುವೆ ತಿಕ್ಕಿ ನೋಡಿದ. ಮತ್ತೆ ಒಮ್ಮೆ ತೆಗೆದು ನೋಡಿದ. ಕೈ ತೊಳೆದುಕೊಂಡು ಫೋನ್ ತೆಗೆದ. ಯಾರಿಗೆ ಹಚ್ಚುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು, ಹುಡುಗಿಯ ಕೈ ಕಲ್ಲಿನ ಮೇಲೇ ನಿಂತಿತು.

"ಇಲ್ಲರಿ, ಆಗೂದಿಲ್ಲ" ಎಂದ ಮಗ. "ಹೊಲ ಖಾಲಿ ಇಲ್ಲ. ಬಿತ್ತಾಕತ್ತೇವಿ."

ಅಷ್ಟೇ. ಮೊಮ್ಮಗ ನಗುತ್ತ ಆಕಾಶ ನೋಡಿದ. ಹುಡುಗಿ ಮುಖ ಆ ಕಡೆ ತಿರುಗಿಸಿ ಕಲ್ಲಿಗೆ ತೆಲುಗಿನಲ್ಲಿ ಏನೋ ಹೇಳಿದಳು. ಈ ಸಲ ಬೈಗುಳ ಅಲ್ಲ ಎಂದು ನನಗೂ ತಿಳಿಯಿತು. ಇಡೀ ಹೊಲದಲ್ಲಿ ಒಂದೇ ಒಡ್ಡು ಆಗಿದೆ, ಇನ್ನೂ ಎಷ್ಟೋ ಬೇಕು. ಹೋದ ಮಣ್ಣೆಲ್ಲ ನನ್ನ ಕಾಲದಲ್ಲಿ ತಿರುಗಿ ಬರುವುದಿಲ್ಲ, ಅದು ನನಗೆ ಗೊತ್ತು. ಆದರೆ ಈ ವರ್ಷದ್ದು ಹೋಗಲಿಲ್ಲ.

ನಿನ್ನೆ ಸಂಜೆ ಸೊಸೆ ಗೋಧಿ ಹುಗ್ಗಿ ಮಾಡಿದಳು, ಪುಂಡಿಪಲ್ಲೆ ಮಾಡಿದಳು, ಬಿಸಿ ರೊಟ್ಟಿ ಬಡಿದಳು. ನೆಲ ಇನ್ನೂ ತೇವವಿತ್ತು, ಗೋಣಿಚೀಲ ಹಾಸಿ ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಏನು ಬಿತ್ತಬೇಕೆಂದು ಜಗಳ ಶುರುವಾಯಿತು. ಮಗ ಸಜ್ಜೆ ಅಂದ, ಹುಡುಗಿ ಒಡ್ಡಿನ ಮಗ್ಗುಲಿಗೆ ತೊಗರಿ, ನಡುವೆ ನವಣೆ ಅಂದಳು. ಹೆಸರು ಬೇಗ ಬರುತ್ತದೆ ಎಂದು ಮೊಮ್ಮಗ. ನಾನು ಎಲ್ಲವೂ ಇರಲಿ ಅಂದೆ, ಇದ್ದ ಮಣ್ಣೇ ಅಷ್ಟು, ಎಲ್ಲ ಎಲ್ಲಿ ಹಿಡಿಸಬೇಕು ಎಂದು ಸೊಸೆ ನಕ್ಕಳು. ಮಾತಾಡುತ್ತ ಆಡುತ್ತ ಹುಗ್ಗಿ ಆರುತ್ತಿತ್ತು. ಮೊದಲು ಉಣ್ರಿ ಎಂದು ಯಜಮಾನರು ಗದರಿದರು, ತಮ್ಮ ತಟ್ಟೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಹುಡುಗಿ ನನ್ನ ಮಗ್ಗುಲಲ್ಲೇ ಕೂತಿದ್ದಳು. ಅವಳ ತಟ್ಟೆಗೆ ನಾನು ಬಡಿಸಿದೆ, ನನ್ನ ತಟ್ಟೆಗೆ ಅವಳು ಬಡಿಸಿದಳು, ಎಲ್ಲರೂ ಉಂಡೆವು.